ಚಾಲಕ ನರಕೋಶ ರೋಗದಲ್ಲಿ ಅಯಾನು ಚಾನೆಲ್‌ಗಳ ಪಾತ್ರ

ಚಾಲಕ ನರಕೋಶ ರೋಗ ಅಥವಾ ಮೋಟಾರ್ ನ್ಯೂರಾನ್ ಕಾಯಿಲೆ ಎಂಬುದು ಮಿದುಳು ಮತ್ತು ಮಿದುಳುಬಳ್ಳಿಯಿಂದ ಸ್ನಾಯುಗಳಿಗೆ ಸಂದೇಶ ಒಯ್ಯುವ ನರಕೋಶಗಳು ಕ್ರಮೇಣ ಸಾಯುವ ಕಾಯಿಲೆಗಳ ಗುಂಪು. ಇವುಗಳಲ್ಲಿ ಮುಖ್ಯವಾದದ್ದು ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್, ಸಂಕ್ಷಿಪ್ತವಾಗಿ ಎಎಲ್‌ಎಸ್. ಫ್ರಾನ್ಸಿನ ನರವೈದ್ಯ ಶಾರ್ಕೊ ಇದನ್ನು 1869ರಲ್ಲಿ ವಿವರಿಸಿದರು. ಲಕ್ಷಣಗಳು ಕಾಣಿಸಿಕೊಂಡ ಕೆಲವೇ ವರ್ಷಗಳಲ್ಲಿ ಬಹುಪಾಲು ರೋಗಿಗಳು ಉಸಿರಾಟದ ಸ್ನಾಯುಗಳು ದುರ್ಬಲಗೊಂಡು ಮರಣ ಹೊಂದುತ್ತಾರೆ. ಅಯಾನು ಚಾನೆಲ್‌ಗಳ ಸಮತೋಲನ ತಪ್ಪಿ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುವುದು ಈ ರೋಗದಲ್ಲಿ ಬೇಗನೆ ಕಂಡುಬರುವ ಬದಲಾವಣೆಗಳಲ್ಲಿ ಒಂದು.

ಸೋಡಿಯಂ ಮತ್ತು ಪೊಟ್ಯಾಸಿಯಂ

ಅಯಾನು ಚಾನೆಲ್‌ಗಳು ಜೀವಕೋಶದ ಪೊರೆಯಲ್ಲಿರುವ ಪ್ರೋಟೀನ್ ದ್ವಾರಗಳು. ಸೋಡಿಯಂ ಒಳನುಗ್ಗಿದಾಗ ನರಸಂಕೇತ ಹುಟ್ಟುತ್ತದೆ; ಪೊಟ್ಯಾಸಿಯಂ ಹೊರಹೋದಾಗ ಕೋಶವು ಶಾಂತಸ್ಥಿತಿಗೆ ಮರಳುತ್ತದೆ. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಸ್ಕ್ವಿಡ್ ಪ್ರಾಣಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ನಡೆಸಿ 1952ರಲ್ಲಿ ಈ ಕ್ರಮವನ್ನು ಗಣಿತದ ಮೂಲಕ ವಿವರಿಸಿದರು.

ಸೋಡಿಯಂ ಚಾನೆಲ್ ತೆರೆದ ಕ್ಷಣಾರ್ಧದಲ್ಲೇ ಮುಚ್ಚಿಕೊಳ್ಳಬೇಕು. ಅಲ್ಪ ಭಾಗ ಮುಚ್ಚದೆ ಉಳಿದರೆ ಹರಿಯುವ ವಿದ್ಯುತ್ತನ್ನು ನಿರಂತರ ಸೋಡಿಯಂ ಪ್ರವಾಹ ಎನ್ನುತ್ತಾರೆ. ಎಎಲ್‌ಎಸ್ ರೋಗಿಗಳ ಮಣಿಕಟ್ಟಿನ ಬಳಿ ನರವನ್ನು ಸಣ್ಣ ವಿದ್ಯುತ್ ಪ್ರಚೋದನೆಗಳಿಂದ ಪರೀಕ್ಷಿಸಿದಾಗ ಈ ಪ್ರವಾಹ ಹೆಚ್ಚಿರುವುದೂ ಪೊಟ್ಯಾಸಿಯಂ ಪ್ರವಾಹ ಕುಗ್ಗಿರುವುದೂ ಕಂಡುಬಂದಿದೆ. ಎರಡೂ ಸೇರಿದಾಗ ನರತಂತುವು ಮಿದುಳಿನ ಆಜ್ಞೆಯಿಲ್ಲದೆಯೇ ಸಂಕೇತ ಹೊರಡಿಸುತ್ತದೆ. ರೋಗಿಯ ಚರ್ಮದಡಿ ಕಾಣುವ ಸ್ನಾಯುಗಳ ಅದುರುವಿಕೆ ಮತ್ತು ನೋವಿನ ಸೆಳೆತಗಳಿಗೆ ಇದೇ ಮುಖ್ಯ ವಿವರಣೆ. ಆದರೆ ಅದುರುವಿಕೆ ಆರೋಗ್ಯವಂತರಲ್ಲಿಯೂ ಸಾಮಾನ್ಯ. ಸ್ನಾಯು ದೌರ್ಬಲ್ಯವಿಲ್ಲದೆ ಅದೊಂದೇ ಇದ್ದರೆ ಈ ರೋಗವೆಂದು ಭಾವಿಸಲಾಗದು.

ಕ್ಯಾಲ್ಸಿಯಂ

ಗ್ಲುಟಮೇಟ್ ಎಂಬ ನರವಾಹಕವು ಆಂಪಾ ಗ್ರಾಹಕಗಳೆಂಬ ಚಾನೆಲ್‌ಗಳನ್ನು ತೆರೆಯುತ್ತದೆ. ಗ್ಲುಎ2 ಎಂಬ ಘಟಕವಿರುವ ಗ್ರಾಹಕಗಳು ಸಾಮಾನ್ಯವಾಗಿ ಕ್ಯಾಲ್ಸಿಯಂ ಅನ್ನು ತಡೆಯುತ್ತವೆ. ಇದಕ್ಕೆ ಆ ಘಟಕದ ಆರ್‌ಎನ್‌ಎಯಲ್ಲಿ ಒಂದು ಅಕ್ಷರದ ತಿದ್ದುಪಡಿ ಆಗಬೇಕು. ಎಎಲ್‌ಎಸ್‌ನಿಂದ ಮೃತಪಟ್ಟವರ ಬೆನ್ನುಹುರಿಯ ಚಾಲಕ ನರಕೋಶಗಳಲ್ಲಿ ಈ ತಿದ್ದುಪಡಿ ಅಪೂರ್ಣವಾಗಿರುವುದನ್ನು ಜಪಾನಿನ ಸಂಶೋಧಕರು 2004ರಲ್ಲಿ ವರದಿ ಮಾಡಿದರು. ಹೀಗೆ ಒಳಬರುವ ಕ್ಯಾಲ್ಸಿಯಂ ಮೈಟೊಕಾಂಡ್ರಿಯಾಗಳಿಗೆ ಹಾನಿಮಾಡುತ್ತದೆ.

ಕಣ್ಣುಗುಡ್ಡೆಯನ್ನು ಚಲಿಸುವ ನರಕೋಶಗಳು ಈ ರೋಗದಲ್ಲಿ ಬಹುಕಾಲ ಉಳಿಯುತ್ತವೆ. ಕ್ಯಾಲ್ಸಿಯಂ ಹಿಡಿದಿಡುವ ಪ್ರೋಟೀನ್‌ಗಳು ಅವುಗಳಲ್ಲಿ ಹೆಚ್ಚಿರುವುದು ಇದಕ್ಕೊಂದು ಕಾರಣವಾಗಿರಬಹುದು. ಮಾತು, ಕೈಕಾಲು ನಿಂತ ರೋಗಿಯೂ ಕಣ್ಣಿನ ಚಲನೆಯಿಂದ ಕಂಪ್ಯೂಟರ್ ಬಳಸಿ ಸಂವಹನ ನಡೆಸಲು ಸಾಧ್ಯವಾಗುವುದು ಇದರಿಂದಲೇ. ಭಾರತದಲ್ಲಿ ಬಡವರ ಆಹಾರವಾಗಿದ್ದ ಕೇಸರಿ ಬೇಳೆಯ ವಿಷವೂ ಆಂಪಾ ಗ್ರಾಹಕಗಳ ಮೇಲೆಯೇ ವರ್ತಿಸಿ ಕಾಲುಗಳನ್ನು ಸೆಟೆಸುತ್ತದೆ. ಆದರೆ ಆ ರೋಗವು ಎಎಲ್‌ಎಸ್‌ನಂತೆ ಉಲ್ಬಣಿಸುತ್ತಾ ಹೋಗುವುದಿಲ್ಲ.

ಔಷಧಗಳು

ಅಮೆರಿಕದಲ್ಲಿ 1995ರಲ್ಲಿ ಅನುಮೋದನೆ ಪಡೆದ ರಿಲುಜೋಲ್ ನಿರಂತರ ಸೋಡಿಯಂ ಪ್ರವಾಹವನ್ನು ಮತ್ತು ಗ್ಲುಟಮೇಟ್ ಬಿಡುಗಡೆಯನ್ನು ತಗ್ಗಿಸುತ್ತದೆ. ಪ್ರಯೋಗಗಳಲ್ಲಿ ಅದು ಆಯುಷ್ಯವನ್ನು ಸರಾಸರಿ 2ರಿಂದ 3 ತಿಂಗಳಷ್ಟೇ ಹೆಚ್ಚಿಸಿತು. ಮೆಕ್ಸಿಲೆಟಿನ್ ಸೆಳೆತವನ್ನು ಕಡಿಮೆ ಮಾಡಿದರೂ ರೋಗದ ವೇಗವನ್ನು ತಗ್ಗಿಸಿದ ಪುರಾವೆಯಿಲ್ಲ. ಪೊಟ್ಯಾಸಿಯಂ ಚಾನೆಲ್ ತೆರೆಯುವ, ಮೂರ್ಛೆರೋಗದ ಔಷಧ ಎಜೋಗಬಿನ್ ಅನ್ನು 65 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮಿದುಳು ಹಾಗೂ ಬೆನ್ನುಹುರಿ ಎರಡರ ನರಕೋಶಗಳ ಉದ್ರೇಕವೂ ತಗ್ಗಿತು. ಆಯುಷ್ಯವನ್ನು ಅಳೆಯಲು ಆ ಅಧ್ಯಯನವನ್ನು ರೂಪಿಸಿರಲಿಲ್ಲ. ಚರ್ಮ ಮತ್ತು ಅಕ್ಷಿಪಟಲದ ಬಣ್ಣ ಬದಲಿಸುವ ಅಡ್ಡಪರಿಣಾಮವಿದ್ದ ಈ ಔಷಧವು 2017ರಲ್ಲೇ ಮಾರುಕಟ್ಟೆಯಿಂದ ಹೊರಬಿದ್ದಿತ್ತು.

ಭಿನ್ನಾಭಿಪ್ರಾಯ

ಅತಿ ಉದ್ರೇಕವು ರೋಗಕ್ಕೆ ಕಾರಣವೋ ಅಥವಾ ಬಳಲಿದ ಕೋಶದ ಪ್ರತಿಕ್ರಿಯೆಯೋ ಎಂಬ ಚರ್ಚೆ ಮುಗಿದಿಲ್ಲ. ಎಸ್‌ಒಡಿ1 ವಂಶವಾಹಿಯ ದೋಷವಿರುವ ಇಲಿಗಳಲ್ಲಿ ನರಕೋಶಗಳ ಉದ್ರೇಕವನ್ನು ಹೆಚ್ಚಿಸಿದಾಗ ಅವುಗಳಿಗೆ ರಕ್ಷಣೆ ದೊರೆಯಿತೆಂದು 2013ರ ಅಧ್ಯಯನವೊಂದು ತೋರಿಸಿತು. ಅಂತಹ ಇಲಿಗಳ ಚಾಲಕ ನರಕೋಶಗಳು ಅತಿ ಉದ್ರೇಕಗೊಂಡಿರುವುದಿಲ್ಲ, ಬದಲಾಗಿ ಅವುಗಳಲ್ಲಿ ಕೆಲವು ಸತತವಾಗಿ ಸಂಕೇತ ಹೊರಡಿಸುವ ಶಕ್ತಿಯನ್ನೇ ಕಳೆದುಕೊಂಡಿರುತ್ತವೆ ಎಂದು ಮುಂದಿನ ವರ್ಷ ಮತ್ತೊಂದು ತಂಡ ಕಂಡುಕೊಂಡಿತು. ಈ ವಾದವು ಸರಿಯಾದರೆ, ಉದ್ರೇಕವನ್ನು ತಗ್ಗಿಸುವ ಔಷಧವು ರೋಗದ ಕೆಲವು ಹಂತಗಳಲ್ಲಿ ಹಾನಿಕರವೂ ಆಗಬಹುದು.