ಬಾದಾಮಿಯೋ, ವಾತಾಪಿಯೋ?

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತವರಿಗೆ ವಾತಾಪಿ ಇಲ್ವಲರ ಕಥೆಯನ್ನು ಹೇಳದೆ ಯಾರೂ ಕಳುಹುವುದಿಲ್ಲ. ಟಗರಾಗಿ ಬೆಂದು ಅತಿಥಿಯ ಹೊಟ್ಟೆ ಸೇರುತ್ತಿದ್ದ ವಾತಾಪಿಯನ್ನು ಅಗಸ್ತ್ಯನು ಅರಗಿಸಿಕೊಂಡ ಸ್ಥಳ ಇದೇ. ಅದರಿಂದಲೇ ಊರಿಗೆ ಈ ಹೆಸರು, ಎಂಬುದು ನಂಬಿಕೆ. (ಹಾಲು ಕುಡಿದ ಕೂಸಿನ ಹೊಟ್ಟೆ ಸವರುತ್ತ ನಮ್ಮ ಅಜ್ಜಿಯರು ನೆನೆಯುವ ವಾತಾಪಿಯೂ ಇವನೇ.) ಆದರೆ ಮಹಾಭಾರತದ ವನಪರ್ವವನ್ನು ತೆರೆದು ನೋಡಿದರೆ ಇಲ್ವಲನ ಊರು ಮಣಿಮತೀಪುರಿ!

ಬಂಡೆಗಳಿಗೆ ಬಾದಾಮಿಯ ಬಣ್ಣವಿರುವುದರಿಂದ ಈ ಹೆಸರೆಂಬ ಮಾತಂತೂ ನಿಲ್ಲದು. ಆ ಕಾಯಿಯ ಹೆಸರು ಪಾರಸಿಯದು. ಊರಿನ ಹೆಸರು ಅದು ಕನ್ನಡಕ್ಕೆ ಬರುವುದಕ್ಕಿಂತ ಬಹು ಹಿಂದಿನದು.

ಶಾಸನಗಳ ಸಾಕ್ಷ್ಯ ಗಟ್ಟಿಯಾದುದು. ಒಂದನೆಯ ಪುಲಕೇಶಿಯು ಇಲ್ಲಿ ಕೋಟೆ ಕಟ್ಟಿದುದನ್ನು ಹೇಳುವ ಶಕ ೪೬೫ರ, ಎಂದರೆ ಕ್ರಿ. ಶ. ೫೪೩ರ, ಬಂಡೆಯ ಬರಹದಲ್ಲಿ 'ವಾತಾಪಿ' ಎಂದಿದೆ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯೂ ಅದನ್ನೇ ಬಳಸಿದ್ದಾನೆ. ಇವೆರಡೂ ಸಂಸ್ಕೃತದಲ್ಲಿವೆ ಎಂಬುದನ್ನು ಮರೆಯಬಾರದು. ಬೇರೆಡೆ ಶಾಸನಗಳಲ್ಲಿ 'ಬಾದಾವಿ' ಎಂಬ ರೂಪವೂ ದೊರೆಯುತ್ತದೆ.

ಹಾಗಾದರೆ ವಾತಾಪಿಯೇ ಬಾದಾವಿಯಾಯಿತೆ? ವ್ಯಾಕರಣ ಅಡ್ಡಬರುವುದಿಲ್ಲ. 'ವಸತಿ' 'ಬಸದಿ'ಯಾಗಿದೆ, 'ದೀಪಿಕೆ' 'ದೀವಿಗೆ'ಯಾಗಿದೆ. ವಕಾರ ಮಕಾರಗಳ ನಂಟು 'ಕುಮಾರ', 'ಕುವರ'ಗಳಲ್ಲಿ ಕಾಣುವುದೇ ಆಗಿದೆ. ಆದರೆ ಕ್ರಿ. ಶ. ಎರಡನೆಯ ಶತಮಾನದ ಗ್ರೀಕ ಭೂಗೋಳಜ್ಞ ಟಾಲೆಮಿಯು ಈ ಕಡೆಯ ಊರುಗಳ ನಡುವೆ ಹೇಳುವ 'ಬಡಿಯಮಾಯಿ' ಎಂಬುದನ್ನು ವಿದ್ವಾಂಸರು ಬಾದಾಮಿಯೆಂದೇ ಗುರುತಿಸಿದ್ದಾರೆ. ಚಾಲುಕ್ಯರ ಬಂಡೆಬರಹಕ್ಕಿಂತ ಸುಮಾರು ನಾನೂರು ವರ್ಷ ಮೊದಲೇ ಬಕಾರ ಮಕಾರಗಳೆರಡೂ ಅಲ್ಲಿವೆ! ಪರದೇಶಿಯ ಕಿವಿಯನ್ನು ಪೂರ್ತಿ ನೆಚ್ಚಲಾಗದು, ನಿಜ. ಆದರೂ ವಕಾರ ತಕಾರ ಪಕಾರಗಳಲ್ಲಿ ಒಂದೂ ಅವನಿಗೆ ಕೇಳಿಸಲಿಲ್ಲವೆನ್ನುವುದು ಕಷ್ಟ.

ನನಗೆ ತೋರುವುದಿಷ್ಟು: ಬಾದಾಮಿ, ಬಾದಾವಿ ಎಂಬುದೇ ಜನರ ಬಾಯಿಯ ಮೂಲರೂಪ, ಆಸ್ಥಾನದ ಸಂಸ್ಕೃತ ಪಂಡಿತರು ಅದರ ದನಿಗೆ ಹೊಂದುವ ಪುರಾಣನಾಮವನ್ನು ತೊಡಿಸಿರಬೇಕು. ಸಮೀಪದ ಪಟ್ಟದಕಲ್ಲಿನಲ್ಲಿಯೂ ಇಂಥದೇ ನಡೆದಿದೆ. ಕನ್ನಡದ 'ಕಿಸುವೊಳಲ್' ಸಂಸ್ಕೃತದಲ್ಲಿ 'ರಕ್ತಪುರ'ವಾಯಿತು. ಅಲ್ಲಿ ಅರ್ಥವನ್ನು ಅನುವಾದಿಸಿದರು, ಇಲ್ಲಿ ನಾದವನ್ನು. ಹೆಸರು ಬಂದಮೇಲೆ ಕಥೆ, ಕಥೆ ಬಂದಮೇಲೆ ಅಗಸ್ತ್ಯತೀರ್ಥ.

೬೪೨ರಲ್ಲಿ ಊರನ್ನು ಗೆದ್ದ ಪಲ್ಲವ ನರಸಿಂಹವರ್ಮನು 'ವಾತಾಪಿಕೊಂಡ'ನೆನಿಸಿದನು. ಆ ಬಿರುದಿನಲ್ಲಿಯೂ ಇರುವುದು ಆಸ್ಥಾನದ ಹೆಸರೇ. ಊರಿನ ಜನ ಮಾತ್ರ ಇಂದಿಗೂ ಬಾದಾಮಿಯೆಂದೇ ಅನ್ನುತ್ತಾರೆ.