ಜರ್ಮನ್ ಅಜ್ಜಿಯ ಓವನ್ ಎಷ್ಟು ಹಳೆಯದು?

ಜರ್ಮನಿಯ ಮನೆ ಬೇಕಿಂಗ್ ಎಂದೊಡನೆ ತಲತಲಾಂತರದಿಂದ ನಡೆದುಬಂದದ್ದು ಎಂಬ ಭಾವನೆ ತಾನಾಗಿ ಮೂಡುತ್ತದೆ. ಕ್ರಿಸ್‌ಮಸ್ಸಿಗೆ ವಾರಗಳ ಮೊದಲೇ ತಗಡಿನ ಡಬ್ಬ ತುಂಬುವ ಬಿಸ್ಕತ್ತುಗಳು, ಭಾನುವಾರ ಮಧ್ಯಾಹ್ನ ಕಾಫಿಯ ಜೊತೆ ಕೇಕು, ಅಜ್ಜಿಯ ಕೈಬರಹದ ಅಡುಗೆ ಪುಸ್ತಕ. ಆದರೆ ಇತಿಹಾಸವನ್ನು ಕೆದಕಿದರೆ ಈ ಚಿತ್ರದ ಬಹುಪಾಲು ಹತ್ತೊಂಬತ್ತನೇ ಶತಮಾನದಾಚೆಗೆ ಹೋಗುವುದಿಲ್ಲ. ಅದಕ್ಕೂ ಮುಂಚೆ ಸಾಮಾನ್ಯರ ಮನೆಯಲ್ಲಿ ಓವನ್ನೇ ಇರಲಿಲ್ಲ. ಕಾರ್ಖಾನೆ ಬಂದು ಮನೆಯ ಕೈರುಚಿ ಕೆಟ್ಟಿತು ಎಂದು ನಾವು ಸಲೀಸಾಗಿ ಹೇಳುತ್ತೇವೆ. ಜರ್ಮನಿಯಲ್ಲಿ ನಡೆದದ್ದು ಅದರ ತದ್ವಿರುದ್ಧ: ಕಾರ್ಖಾನೆ ಬಂದ ಮೇಲೆಯೇ ಬೇಕಿಂಗ್ ಮನೆಯೊಳಗೆ ಕಾಲಿಟ್ಟಿತು.

ಮೊದಲು ಇದ್ದದ್ದು ಊರೊಟ್ಟಿನ ಒಲೆ. ಬೆಂಕಿಯ ಭಯಕ್ಕೂ ಸೌದೆಯ ಉಳಿತಾಯಕ್ಕೂ ಹೆಸ್ಸೆ, ವ್ಯೂರ್ಟೆಂಬರ್ಗ್ ಕಡೆಯ ಹಳ್ಳಿಗಳಲ್ಲಿ ಒಂದು ಬೇಕಿಂಗ್ ಮನೆ ಕಟ್ಟಿ, ಸರದಿಯಂತೆ ಬಳಸುತ್ತಿದ್ದರು. ಬೇಯುತ್ತಿದ್ದದ್ದು ಮುಖ್ಯವಾಗಿ ರೈ ಧಾನ್ಯದ ಬ್ರೆಡ್. ಬಡ ನೆಲ, ಕಡು ಚಳಿ ಎರಡನ್ನೂ ತಡೆದುಕೊಳ್ಳುವ ಬೆಳೆ ಅದು. ರೈ ಹಿಟ್ಟು ಗೋಧಿಯಂತೆ ಹಿಗ್ಗಿ ನಿಲ್ಲುವುದಿಲ್ಲವಾದ್ದರಿಂದ ಹುಳಿ ಬರಿಸಲೇಬೇಕು. ಹುಳಿ ಹಿಟ್ಟಿನ ರುಚಿ ಬಂದದ್ದು ಹೀಗೆ, ಅನಿವಾರ್ಯದಿಂದ. ಬ್ರೆಡ್ ತೆಗೆದ ಮೇಲೆ ಒಲೆಯಲ್ಲಿ ಉಳಿದ ಕಾವಿಗೆ ಈರುಳ್ಳಿಯನ್ನೋ ಹಣ್ಣನ್ನೋ ಹರಡಿದ ತೆಳು ಹಿಟ್ಟನ್ನು ಇಟ್ಟರೆ ಅದೇ ಅವರ ಕೇಕು. ಸಿಹಿ, ಮಸಾಲೆ, ಬೆಣ್ಣೆಯ ತಿನಿಸುಗಳೆಲ್ಲ ನಗರದ ಕಸುಬುದಾರರ ಕೈಯಲ್ಲಿದ್ದವು. ನ್ಯೂರೆಂಬರ್ಗಿನ ಲೇಬ್‌ಕುಖೆನ್ ಸುತ್ತಲ ಕಾಡಿನ ಜೇನನ್ನೂ ದೂರದ ಮಸಾಲೆಯನ್ನೂ ನಂಬಿದ್ದ ತಿನಿಸು. ಆ ಮಸಾಲೆಯ ದಾರಿ ನಮ್ಮ ಕರಾವಳಿಯನ್ನೂ ಮುಟ್ಟುತ್ತದೆ: 1505ರಲ್ಲಿ ಔಗ್ಸ್‌ಬರ್ಗ್, ನ್ಯೂರೆಂಬರ್ಗ್ ವರ್ತಕರು ಹಣ ಹೂಡಿದ್ದ ಹಡಗುಗಳು ಪೋರ್ಚುಗೀಸ್ ನಾಯಕ ಅಲ್ಮೇಡನ ನೌಕಾಪಡೆಯೊಂದಿಗೆ ಮೆಣಸಿಗಾಗಿ ಹೊರಟು, ಕಾರವಾರದ ಬಳಿಯ ಅಂಜದೀವ್ ದ್ವೀಪವನ್ನು ಹಾದು ಮಲಬಾರಿಗೆ ಹೋದವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಸ್ಯಾಕ್ಸನಿಯ ಡ್ರೆಸ್ಡನ್ ನಗರದ ಕ್ರಿಸ್‌ಮಸ್ ಬ್ರೆಡ್ ಸ್ಟೋಲನ್ ಹದಿನೈದನೇ ಶತಮಾನದ್ದಲ್ಲವೇ? ಹೌದು. ಕ್ರಿಸ್‌ಮಸ್ ಮುಂಚಿನ ಉಪವಾಸದಲ್ಲಿ ಬೆಣ್ಣೆ ನಿಷಿದ್ಧವಾದ್ದರಿಂದ ಆಗ ಅದನ್ನು ಎಣ್ಣೆ ಹಾಕಿ ಮಾಡುತ್ತಿದ್ದರು. ತಿನ್ನಲು ಅಷ್ಟೇನೂ ಸುಖವಿರಲಿಲ್ಲ. 1491ರಲ್ಲಿ ಪೋಪ್ ಎಂಟನೇ ಇನೋಸೆಂಟ್ ಸ್ಯಾಕ್ಸನಿಗೆ ಬೆಣ್ಣೆ ಬಳಸಲು ಅನುಮತಿ ಕೊಟ್ಟ, ಚರ್ಚ್ ಕಟ್ಟಲು ಕಾಣಿಕೆ ಸಲ್ಲಿಸಬೇಕೆಂಬ ಷರತ್ತಿನ ಮೇಲೆ. ಆದರೆ ಆ ಸ್ಟೋಲನ್ ಬೇಕರಿಯವರದ್ದು. ಸ್ಯಾಕ್ಸನಿಯ ಮನೆಗಳಲ್ಲಿ ಬೆಣ್ಣೆ, ಒಣದ್ರಾಕ್ಷಿ, ಬಾದಾಮಿ ಕೂಡಿಸಿಕೊಂಡರೂ ಬೇಯಿಸಲು ಅದನ್ನು ಬೇಕರಿಗೇ ಒಯ್ಯಬೇಕಿತ್ತು, ಇಪ್ಪತ್ತನೇ ಶತಮಾನದಲ್ಲೂ. ತಿನಿಸು ಹಳೆಯದು ಎಂಬುದರಿಂದ ಅದನ್ನು ಮನೆಯಲ್ಲಿ ಬೇಯಿಸುವ ಪದ್ಧತಿಯೂ ಹಳೆಯದು ಎಂದಾಗುವುದಿಲ್ಲ.

ಪರಿಸ್ಥಿತಿ ಬದಲಾದದ್ದು ಸಕ್ಕರೆಯಿಂದ. 1747ರಲ್ಲಿ ಬರ್ಲಿನ್ನಿನ ಆಂಡ್ರಿಯಾಸ್ ಮಾರ್ಗ್‌ಗ್ರಾಫ್ ಬೀಟ್‌ಗೆಡ್ಡೆಯಲ್ಲೂ ಕಬ್ಬಿನದೇ ಸಕ್ಕರೆ ಇದೆಯೆಂದು ತೋರಿಸಿದ; ಅವನ ಶಿಷ್ಯ ಆಖರ್ಡ್ ಹೊಸ ಶತಮಾನದ ಹೊಸ್ತಿಲಲ್ಲಿ ಸೈಲೀಸಿಯಾದಲ್ಲಿ ಮೊದಲ ಕಾರ್ಖಾನೆ ತೆರೆದ. ಅರಮನೆಯ ಸರಕು ಕೆಲವೇ ತಲೆಮಾರುಗಳಲ್ಲಿ ಕೂಲಿಕಾರನ ಕೈಗೆಟುಕಿತು. ಅಷ್ಟರಲ್ಲಿ ಕಬ್ಬಿಣದ ಒಲೆ ನಗರದ ಅಡುಗೆಮನೆಗೆ ಬಂದಿತ್ತು. 1845ರಲ್ಲಿ ಹೆನ್ರಿಯೆಟ್ ಡೇವಿಡಿಸ್‌ಳ ಅಡುಗೆ ಪುಸ್ತಕ ಹೊರಬಂದು ಮಧ್ಯಮ ವರ್ಗದ ಗೃಹಿಣಿಗೆ ಗುರುವಾಯಿತು. 1874ರಲ್ಲಿ ರಸಾಯನಶಾಸ್ತ್ರಜ್ಞರಾದ ಹಾರ್ಮಾನ್ ಮತ್ತು ಟೀಮಾನ್ ವೆನಿಲಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರಿಂದ ದುಬಾರಿ ವೆನಿಲಾ ಕೋಡಿನ ಘಮ ಪುಡಿಯಾಗಿ ಸಿಕ್ಕಿತು. ಕೊನೆಯ ತಡೆ ಈಸ್ಟ್. ಅದು ಹವೆ ತಣ್ಣಗಿದ್ದರೆ ಮುನಿಯುತ್ತದೆ, ಹಳೆಯದಾದರೆ ಕೈಕೊಡುತ್ತದೆ. ಬೀಲೆಫೆಲ್ಡ್‌ನ ಔಷಧಿ ಅಂಗಡಿಕಾರ ಆಗಸ್ಟ್ ಓಟ್ಕರ್ 1890ರ ದಶಕದಲ್ಲಿ ಬೇಕಿಂಗ್ ಪೌಡರನ್ನು ಸಣ್ಣ ಪೊಟ್ಟಣ ಕಟ್ಟಿ ಮಾರಿದ. ಬೇಕಿಂಗ್ ಪೌಡರ್ ಅವನ ಶೋಧವಲ್ಲ. ರಸಾಯನಶಾಸ್ತ್ರಜ್ಞ ಲೀಬಿಗ್ ಮತ್ತು ಅವನ ಅಮೆರಿಕನ್ ಶಿಷ್ಯ ಹಾರ್ಸ್‌ಫರ್ಡ್ ಆ ಕೆಲಸ ಮೊದಲೇ ಮಾಡಿದ್ದರು. ಓಟ್ಕರ್‌ನ ಜಾಣತನ ಅಳತೆಯಲ್ಲಿತ್ತು: ಒಂದು ಪೊಟ್ಟಣ, ಅರ್ಧ ಕಿಲೋ ಹಿಟ್ಟು, ಬೆಲೆ ಹತ್ತು ಫೆನಿಗ್. ಜೊತೆಗೆ ಪಾಕವಿಧಾನದ ಪುಸ್ತಿಕೆಗಳನ್ನೂ ಹಂಚಿದ. ಇಂದು ಅಜ್ಜಿಯ ಕೈಬರಹದಲ್ಲಿ ಸಿಗುವ ಎಷ್ಟೋ ಪಾಕಗಳಲ್ಲಿ ‘ಒಂದು ಪೊಟ್ಟಣ’ ಎಂಬ ಅಳತೆಯೇ ಇರುತ್ತದೆ.

ಹಾಗಾದರೆ ಇದೆಲ್ಲ ಬರಿಯ ಜಾಹೀರಾತಿನ ಮಹಿಮೆಯೇ ಎಂದರೆ, ಅದೂ ಅತಿಯಾಯಿತು. ಜರ್ಮನಿಯ ದಕ್ಷಿಣದ ಸ್ಪ್ರಿಂಗರ್ಲೆ ಬಿಸ್ಕತ್ತನ್ನು ನೋಡಿ. ಮೊಟ್ಟೆ, ಸಕ್ಕರೆ, ಹಿಟ್ಟು ಕಲಸಿ, ಲಟ್ಟಿಸಿ, ಕೆತ್ತನೆಯ ಮರದ ಅಚ್ಚೊತ್ತುತ್ತಾರೆ. ಕುದುರೆ, ಹೂವು, ಸಂತರ ಮುಖ ಹಿಟ್ಟಿನ ಮೇಲೆ ಮೂಡುತ್ತದೆ. ಸೋಂಪು ಉದುರಿಸಿದ ತಟ್ಟೆಯಲ್ಲಿ ರಾತ್ರಿಯಿಡೀ ಒಣಗಲು ಬಿಟ್ಟರೆ ಮೇಲ್ಭಾಗ ಗಟ್ಟಿಯಾಗುತ್ತದೆ. ಓವನ್ನಿಗೆ ಹೋದಾಗ ಹಿಟ್ಟು ಮೇಲೆ ಉಬ್ಬಲಾರದೆ ಕೆಳಗಿನಿಂದ ಏಳುತ್ತದೆ, ಚಿತ್ರ ಕದಲದೆ ಉಳಿದು ಅಡಿಯಲ್ಲಿ ಪುಟ್ಟ ಪಾದದಂಥ ಅಂಚು ಮೂಡುತ್ತದೆ. ಇದಕ್ಕೆ ಸಾಂಪ್ರದಾಯಿಕವಾಗಿ ಹಾಕುವುದು ಜಿಂಕೆಯ ಕೊಂಬಿನಿಂದ ತೆಗೆಯುತ್ತಿದ್ದ ಅಮೋನಿಯದ ಉಪ್ಪು. ಅಂದರೆ ರಸಾಯನವೂ ಹೊಸತಲ್ಲ, ಅಚ್ಚಂತೂ ಪೊಟ್ಟಣಕ್ಕಿಂತ ಶತಮಾನಗಳಷ್ಟು ಹಿರಿಯದು. ಆಕಾರ, ಹಬ್ಬದ ದಿನ ಇವು ಹಳೆಯ ಕಾಲದಿಂದ ಬಂದವು. ಆ ತಿನಿಸನ್ನು ಎಲ್ಲರ ಮನೆಯಲ್ಲೂ ಮಾಡುವ ಸೌಕರ್ಯ ಒದಗಿಸಿದ್ದು ಉದ್ಯಮ.

ಪಾನೀಯದ ಕತೆಯಲ್ಲಿ ಉದ್ಯಮಕ್ಕಿಂತ ಪ್ರಭುತ್ವದ ಕೈ ಜೋರು. 1516ರ ಬವೇರಿಯಾದ ಬಿಯರ್ ಶಾಸನ ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಒಪ್ಪಿತು. ಶುದ್ಧತೆಯ ಹೆಸರಿನಲ್ಲಿ ಇಂದು ಹೆಮ್ಮೆಪಡುವ ಆ ಶಾಸನ ಬಿಯರಿನ ಬೆಲೆಯನ್ನೂ ಕಟ್ಟಿಹಾಕಿತ್ತು. ಗೋಧಿ ಬ್ರೆಡ್ಡಿಗೆ ಉಳಿಯಲಿ ಎಂಬ ಲೆಕ್ಕವೂ ಅದರ ಹಿಂದಿತ್ತೆನ್ನುತ್ತಾರೆ. ಇನ್ನು ಕಾಫಿಗೆ ಹೊರದೇಶಕ್ಕೆ ಹಣ ಹರಿಯುವುದನ್ನು ಕಂಡು ಸಿಟ್ಟಾದ ಪ್ರಷ್ಯಾದ ದೊರೆ ಫ್ರೆಡ್ರಿಕ್, 1777ರಲ್ಲಿ ಪ್ರಜೆಗಳಿಗೆ ಬಿಯರನ್ನೇ ಕುಡಿಯಿರೆಂದು ಸಾರಿದ; ನಂತರ ಹುರಿಯುವ ಹಕ್ಕನ್ನೇ ತನ್ನ ವಶಕ್ಕೆ ತೆಗೆದುಕೊಂಡು, ಕದ್ದು ಹುರಿಯುವವರನ್ನು ಹಿಡಿಯಲು ಬೀದಿಬೀದಿಯಲ್ಲಿ ವಾಸನೆ ಹಿಡಿಯುವ ಆಳುಗಳನ್ನಿಟ್ಟ. ಜನ ಚಿಕೋರಿ ಬೇರಿಗೆ ಮೊರೆಹೋದರು, ಕಾಫಿ ಬಿಡಲಿಲ್ಲ. 1908ರಲ್ಲಿ ಡ್ರೆಸ್ಡನ್ನಿನ ಗೃಹಿಣಿ ಮೆಲಿಟಾ ಬೆಂಟ್ಸ್ ಕಾಗದದ ಸೋಸುಕ ರೂಪಿಸಿದಾಗ ಭಾನುವಾರದ ಕೇಕಿಗೆ ಚರಟವಿಲ್ಲದ ಜೊತೆ ಸಿಕ್ಕಿತು.

ಪರಂಪರೆಯು ಸರಕಿನ ಲಭ್ಯತೆಗೆ ಹೇಗೆ ಬಾಗುತ್ತದೆ ಎಂಬುದಕ್ಕೆ ಪೂರ್ವ ಜರ್ಮನಿಗಿಂತ ಒಳ್ಳೆಯ ಸಾಕ್ಷ್ಯವಿಲ್ಲ. ದೇಶ ಎರಡಾಗಿದ್ದ ಕಾಲದಲ್ಲಿ ಅಲ್ಲಿ ಒಣದ್ರಾಕ್ಷಿ, ಬಾದಾಮಿಗೆ ಬರವಿತ್ತು. ಸ್ಟೋಲನ್ನಿಗೆ ಬೇಕಾದ ಸಕ್ಕರೆಪಾಕದ ಹಣ್ಣಿನ ಸಿಪ್ಪೆಯ ಬದಲು ಹಸಿರು ಟೊಮೆಟೊ, ಕ್ಯಾರೆಟ್ಟುಗಳಿಗೆ ಪಾಕ ಹಿಡಿಸಿ ಅಂಗಡಿಗೆ ತಂದರು. ಪಶ್ಚಿಮದ ಬಂಧುಗಳು ಕಾಫಿ, ಒಣಹಣ್ಣು ತುಂಬಿದ ಪಾರ್ಸೆಲ್ ಕಳಿಸಿದರೆ ಪೂರ್ವದಿಂದ ಸ್ಟೋಲನ್ ವಾಪಸು ಹೋಗುತ್ತಿತ್ತು. ಇಂದು ಡ್ರೆಸ್ಡನ್ ಸ್ಟೋಲನ್ನಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ; ಹಿಟ್ಟಿನ ತೂಕದ ಅರ್ಧದಷ್ಟಾದರೂ ಬೆಣ್ಣೆ ಇರಬೇಕು, ಮಾರ್ಗರಿನ್ ಕೂಡದು ಎಂಬ ನಿಯಮವಿದೆ. ಮಾರುಕಟ್ಟೆಗೆ ಆ ನಿಯಮ ಬೇಕು, ಕಲಬೆರಕೆ ತಡೆಯಲು ಬೇರೆ ದಾರಿಯಿಲ್ಲ. ಆದರೆ ಅದನ್ನೇ ಇತಿಹಾಸದ ಅಳತೆಗೋಲು ಮಾಡಿದರೆ 1491ಕ್ಕೆ ಮುಂಚಿನ ಎಣ್ಣೆಯ ಸ್ಟೋಲನ್ನೂ ಹೊರಗೆ, ಕ್ಯಾರೆಟ್ ಪಾಕದ ಸ್ಟೋಲನ್ನೂ ಹೊರಗೆ. ಇತಿಹಾಸ ಬರೆಯುವವನು ಎರಡನ್ನೂ ಒಳಗೇ ಇಟ್ಟುಕೊಳ್ಳಬೇಕಾಗುತ್ತದೆ.