ಇಪ್ಪತ್ತೊಂಬತ್ತನೆಯ ಪ್ರಮೇಯ

ಪರ್ಯಾಯ ಕೋನಗಳು ಸಮವಾದರೆ ರೇಖೆಗಳು ಸಮಾಂತರ. ರೇಖೆಗಳು ಸಮಾಂತರವಾದರೆ ಪರ್ಯಾಯ ಕೋನಗಳು ಸಮ. ಪ್ರೌಢಶಾಲೆಯಲ್ಲಿ ಇವೆರಡನ್ನೂ ನಾವು ಒಂದೇ ಉಸಿರಿನಲ್ಲಿ ಒಪ್ಪಿಸಿದವರು. ಕ್ರಿ. ಪೂ. 300ರ ಸುಮಾರಿನ ಯೂಕ್ಲಿಡನಾದರೋ ಇವನ್ನು ಬೇರೆಬೇರೆಯಾಗಿ ತೂಗಿದನು. ಮೊದಲನೆಯದು ಆತನ ಪ್ರಥಮ ಭಾಗದ 27ನೆಯ ಪ್ರಮೇಯ. ಕೋನಗಳು ಸಮವಿದ್ದೂ ರೇಖೆಗಳು ಕೂಡಿದರೆ ತ್ರಿಕೋನವೊಂದು ಏರ್ಪಟ್ಟು, ಅದರ ಹೊರಕೋನವು ಎದುರಿನ ಒಳಕೋನಕ್ಕೆ ಸಮವಾಗಬೇಕಾಗುವುದು. ಅದು ಅಸಾಧ್ಯವೆಂದು 16ನೆಯದರಲ್ಲೇ ಸಿದ್ಧವಾಗಿದೆ. ಇದರ ವಿಲೋಮವಾದ 29ನೆಯದಕ್ಕೆ ಬಂದಾಗ ಮಾತ್ರ ಆತನು ಐದನೆಯ ಆಧಾರಪ್ರತಿಜ್ಞೆಯನ್ನು ಮೊದಲ ಬಾರಿಗೆ ಬಳಸಿದನು: ಛೇದಕದ ಒಂದು ಪಕ್ಕದ ಒಳಕೋನಗಳ ಮೊತ್ತ ಎರಡು ಲಂಬಕೋನಗಳಿಗಿಂತ ಕಡಮೆಯಾದರೆ ರೇಖೆಗಳು ಆ ಪಕ್ಕದಲ್ಲಿ ಕೂಡುವುವು. (ಸಾಲವನ್ನು ಅನಿವಾರ್ಯವಾಗುವವರೆಗೂ ಮುಂದೂಡಿದ ಈ ಎಚ್ಚರಿಕೆ ಬ್ಯಾಂಕಿನವನಾದ ನನಗೆ ಬಹು ಮೆಚ್ಚು.) ಈ ಪ್ರತಿಜ್ಞೆಯನ್ನೂ ಸಾಧಿಸಬಹುದೆಂದು ಪಂಡಿತರು ಶತಮಾನಗಳ ಕಾಲ ಹೆಣಗಿದರು. 1733ರಲ್ಲಿ ಇಟಲಿಯ ಸಕೇರಿಯು ಅದನ್ನು ನಿರಾಕರಿಸಿ ನೋಡಿದನು. ಹೊಸ ಪ್ರಮೇಯಗಳು ಸಾಲಾಗಿ ದೊರೆತರೂ, ಸರಳರೇಖೆಯ ಸ್ವಭಾವಕ್ಕೆ ಸಲ್ಲವೆಂದು ತಳ್ಳಿಬಿಟ್ಟನು. 1829ರಲ್ಲಿ ಕಜಾನಿನ ಲೊಬಾಚೆವ್‌ಸ್ಕಿ ಅಂಥವನ್ನೇ ಅಂಗೀಕರಿಸಿದನು. ಆತನ ರೇಖಾಗಣಿತದಲ್ಲಿ 27ನೆಯದು ನಿಲ್ಲುತ್ತದೆ, 29ನೆಯದು ನಿಲ್ಲದು.